ಅಂಗಳದ ಅಡಿಪಾಯ

ಕರಾವಳಿಯ ಊರುಗಳಲ್ಲಿ ಇಂಟರ್‌ಲಾಕ್ ಹಾಸದ ಮನೆಯಂಗಳಗಳು ಈಗ ವಿರಳವಾಗುತ್ತಿವೆ. ಮಸೀದಿ, ಮದ್ರಸಗಳ ಆವರಣಗಳಲ್ಲೂ ಅದೇ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಾರಿನ ಚಕ್ರ ಹಾಯುವ ಜಾಡಿನಲ್ಲಿ ಕಲ್ಲುಗಳು ಕುಸಿದು ನೀರು ನಿಲ್ಲುವುದನ್ನೂ ನಾವು ಕಾಣುತ್ತಿರುತ್ತೇವೆ. ದೂಷಣೆ ಕಲ್ಲಿನ ಮೇಲೆ ಬೀಳುತ್ತದೆ. ಕಲ್ಲು ಹೆಚ್ಚಾಗಿ ನಿರಪರಾಧಿ.

ಕಳೆದ ಬೇಸಿಗೆಯಲ್ಲಿ ಗೇಟಿನಿಂದ ಸಿಟೌಟಿನವರೆಗೆ ಕಲ್ಲು ಹಾಸಿಸಲು ನಾವು ಸಹೋದರರು ನಿರ್ಧರಿಸಿದೆವು. ಉಮ್ಮ ಗಾಲಿಕುರ್ಚಿಯನ್ನು ಅವಲಂಬಿಸಿದ ಮೇಲೆ, ಮಳೆಗಾಲದ ಕೆಸರಿನಲ್ಲಿ ಅವರನ್ನು ಇಬ್ಬರು ಎತ್ತಿಕೊಂಡೇ ವಾಹನ ಮುಟ್ಟಿಸಬೇಕಾಗಿತ್ತು. ಹಾಗೆ ಎತ್ತುವಾಗಲೆಲ್ಲ ಅವರು ಮುಖವನ್ನು ಆಚೆ ತಿರುಗಿಸುತ್ತಿದ್ದರು.

ತಂಗಿಯ ನಿಕಾಹ್‌ಗೆ ಹನ್ನೆರಡು ದಿನ ಉಳಿದಿತ್ತು. ಮಣ್ಣು ಸಮತಟ್ಟು ಮಾಡಿ ಮೇಲೆ ಎಂ-ಸ್ಯಾಂಡ್ ಹರಡಿದರೆ ಮೂರೇ ದಿನದಲ್ಲಿ ಮುಗಿಸಿಕೊಡುತ್ತೇವೆಂದರು ಗುತ್ತಿಗೆದಾರರು. ಮನೆಯಲ್ಲಿ ಹೆಚ್ಚಿನವರಿಗೆ ಅದೇ ಸರಿಯೆನಿಸಿತು. ಗಲ್ಫಿನಲ್ಲಿ ವರ್ಷಗಟ್ಟಲೆ ಇದೇ ಕೆಲಸ ಮಾಡಿ ಬಂದ ದೊಡ್ಡಣ್ಣ ಮಾತ್ರ ಒಪ್ಪಲಿಲ್ಲ.

ಅವರ ಲೆಕ್ಕ ಹೀಗಿತ್ತು: ಕಲ್ಲು 80 ಮಿ.ಮೀ., ಅದರಡಿ ಮರಳು 40, ಅದರಡಿ ಜಲ್ಲಿ ಮತ್ತು ಕ್ರಷರ್ ಪುಡಿಯ ಮಿಶ್ರಣ 150. ಒಟ್ಟು 270 ಮಿ.ಮೀ., ಅಂದರೆ ಹತ್ತೂವರೆ ಅಂಗುಲಕ್ಕೂ ಹೆಚ್ಚು ಅಗೆಯಬೇಕು. ಬೇರು, ಕಸ ಬೆರೆತ ಮೇಲ್ಮಣ್ಣನ್ನು ತೆಗೆದಾಗ ಹಳೆಯ ತೆಂಗಿನ ಬುಡವಿದ್ದಲ್ಲಿ ನೆಲ ಮೆದುವಾಗಿ ಸಿಕ್ಕಿತು. ಅಷ್ಟು ಜಾಗವನ್ನು ಗಟ್ಟಿ ನೆಲ ಸಿಗುವವರೆಗೂ ಅಗೆಸಿ, ಪದರ ಪದರವಾಗಿ ಜಲ್ಲಿ ತುಂಬಿಸಿದರು. ಉಳಿದೆಡೆಯೂ ಜಲ್ಲಿಯನ್ನು ಒಂದೇ ಸಲ ಸುರಿಯದೆ, ಎರಡು ಪದರಗಳಲ್ಲಿ ಹದವಾಗಿ ನೀರು ಚಿಮುಕಿಸಿ ಯಂತ್ರದಿಂದ ಬಡಿಸಿದರು. ಒಮ್ಮೆಲೇ ದಪ್ಪವಾಗಿ ತುಂಬಿದರೆ ಮೇಲ್ಭಾಗ ಬಿಗಿಯಾಗಿ ತಳ ಸಡಿಲವೇ ಉಳಿಯುತ್ತದೆ. ಇನ್ನು ತಗ್ಗುಗಳನ್ನು ಮರಳಿನಿಂದ ತುಂಬಿ ಮಟ್ಟ ತೋರಿಸುವುದೆಂದರೆ ಅವರಿಗೆ ಎಲ್ಲಿಲ್ಲದ ಸಿಟ್ಟು. ಮರಳು ದಪ್ಪವಾಗಿರುವಲ್ಲೇ ಮುಂದೆ ಕಲ್ಲು ಇಳಿಯುವುದು. ಆದುದರಿಂದ ಇಳಿಜಾರನ್ನೂ ಜಲ್ಲಿಯ ಹಂತದಲ್ಲೇ ಕೊಡಬೇಕು: 50 ಅಡಿಗೆ ಒಂದು ಅಡಿ. ಗಾಲಿಕುರ್ಚಿಗೂ ಅದು ಕಷ್ಟವಲ್ಲ.

ಆದರೆ ನೆಲದ ಸಹಜ ಓಟ ನೆರೆಮನೆಯ ಗೋಡೆಯ ಕಡೆಗಿತ್ತು. ಅದನ್ನು ರಸ್ತೆಬದಿಯ ಚರಂಡಿಯತ್ತ ತಿರುಗಿಸಲು ಮತ್ತೆರಡು ದಿನ ಹಿಡಿಯಿತು. ನೆರೆಯವರ ಹಕ್ಕಿನ ಕುರಿತು ಖುತುಬಾಗಳಲ್ಲಿ ಕೇಳುತ್ತಲೇ ಇರುವ ನಾವು, ನಮ್ಮ ಅಂಗಳದ ನೀರು ಎತ್ತ ಹರಿಯುತ್ತದೆಂದು ನೋಡುವುದು ಕಡಿಮೆ.

ನಿಕಾಹ್ ನಡೆದದ್ದು ಬಡಿದ ಜಲ್ಲಿಯ ಮೇಲೆ, ಕಾರ್ಪೆಟ್ ಹಾಸಿ. ಹಣ ಸಾಲಲಿಲ್ಲವೇ ಎಂದು ಒಂದಿಬ್ಬರು ಬಂಧುಗಳು ವಿಚಾರಿಸಿದರು. ಕಲ್ಲು ಹಾಸಿ, ಅಂಚಿಗೆ ಕಾಂಕ್ರೀಟಿನ ಕಟ್ಟೆ ಕೊಟ್ಟದ್ದು ಅದಾಗಿ ಹತ್ತು ದಿನಗಳ ಬಳಿಕ. ಅಂಚು ಬಿಗಿಯಿರದಿದ್ದರೆ ಸಾಲುಗಳು ಹೊರಕ್ಕೆ ಸರಿಯುತ್ತವೆ.

ಮೊದಲ ಮಳೆಗೆ ಸಂದುಗಳ ಮರಳು ಅಲ್ಲಲ್ಲಿ ಇಳಿಯಿತು. ಬಿಸಿಲು ಬಂದ ದಿನ ಗುಡಿಸಿ ಮತ್ತೆ ತುಂಬಿದೆವು. ಈಗ ಮೀನಿನವನ ಹಾರ್ನ್ ಕೇಳಿದರೆ ಉಮ್ಮನೇ ಚಕ್ರ ತಿರುಗಿಸಿಕೊಂಡು ಗೇಟಿನವರೆಗೆ ಹೋಗುತ್ತಾರೆ. ಬಂಗುಡೆಯ ಬೆಲೆಯ ಬಗ್ಗೆ ಇಬ್ಬರಿಗೂ ಇನ್ನೂ ಒಮ್ಮತ ಮೂಡಿಲ್ಲ.