ಚಾರ್ಮಾಡಿ ಏರಿನಲ್ಲಿ, ಹೊಗೆಯೇ ಇಲ್ಲದೆ

ಎಡತೊಡೆಗೆ ಇಂಜಿನ್ನಿನ ಬಿಸಿ ತಾಗುತ್ತಿದೆ. ಈ ಹಳೆಯ ಡೀಸೆಲ್ ವ್ಯಾನಿನಲ್ಲಿ ಇಂಜಿನ್ ಇರುವುದೇ ಎರಡು ಸೀಟುಗಳ ನಡುವೆ, ರೆಕ್ಸಿನ್ ಹೊದೆಸಿದ ಮುಚ್ಚಳದ ಕೆಳಗೆ. ಹಿಂದೆ ಪ್ಯಾಸೆಂಜರ್‌ಗಳು ಕೂರುತ್ತಿದ್ದ ಜಾಗದಲ್ಲಿ ಈಗ ಹಲಗೆಯ ಮಂಚ, ಗ್ಯಾಸ್ ಒಲೆ, ಪುಟ್ಟ ಸಿಂಕು. ಮಂಚದ ಮೇಲೆ ಅಮ್ಮ ನಿದ್ದೆ ಹೋಗಿದ್ದಾರೆ. ಪಕ್ಕದ ಸೀಟಿನಲ್ಲಿ ತಮ್ಮ, ಮಂಜು ಕಟ್ಟಿದ ಗಾಜನ್ನು ಅಂಗೈಯಲ್ಲಿ ಒರೆಸುತ್ತಿದ್ದಾನೆ. ಅಣ್ಣಪ್ಪ ಸ್ವಾಮಿ ಗುಡಿ ಇನ್ನೂ ಮೇಲಿದೆ. ಅದನ್ನು ದಾಟಿ ಕೊಟ್ಟಿಗೆಹಾರ ಮುಟ್ಟಿದರೆ ಬಿಸಿ ನೀರುದೋಸೆ.

ತಿರುವಿಗೆ ಮುಂಚೆ ಎರಡನೇ ಗೇರಿಗೆ ಇಳಿಸುತ್ತೀರಿ. ಎಕ್ಸಲರೇಟರ್ ಒತ್ತುತ್ತೀರಿ. ಇಂಜಿನ್ ಒಮ್ಮೆ ಎಳೆಯುತ್ತದೆ, ಮತ್ತೆ ಸೊರಗುತ್ತದೆ. ಪಾದ ನೆಲಕ್ಕೆ ತಾಗುವವರೆಗೆ ಒತ್ತಿದರೂ ಕೆಳಗಿನಿಂದ ಬರುವ ಸದ್ದು ಇಳಿಯುತ್ತಲೇ ಇದೆ. ಹೊಟ್ಟೆಯೊಳಗೆ ಏನೋ ಕುಸಿದಂತಾಗುತ್ತದೆ.

"ಅಣ್ಣಾ, ಎಳೀತಿಲ್ಲ ಅಲ್ವಾ?"

ಉತ್ತರಿಸಲು ಪುರುಸೊತ್ತಿಲ್ಲ. ಕ್ಲಚ್ ಜಾರುತ್ತಿದೆಯೇ? ಹಾಗಿದ್ದರೆ ಇಂಜಿನ್ ಅರಚುತ್ತಿತ್ತು, ಗಾಡಿ ಮಾತ್ರ ಹಿಂದೆ ಬೀಳುತ್ತಿತ್ತು. ಇಲ್ಲಿ ಇಂಜಿನ್ನೇ ಸೋಲುತ್ತಿದೆ. ಟೆಂಪರೇಚರ್ ಮುಳ್ಳು ನಡುವಲ್ಲೇ ಇದೆ. "ತಲೆ ಹೊರಗೆ ಹಾಕಿ ನೋಡು, ಹೊಗೆ ಯಾವ ಬಣ್ಣ?"

"ಹೊಗೇನೇ ಇಲ್ಲ ಅಣ್ಣಾ!"

ಕಪ್ಪು ಹೊಗೆ ಬಂದಿದ್ದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರ್ ಬಿಚ್ಚಬೇಕಿತ್ತು. ಪೂರ್ತಿ ರೇಸ್ ಕೊಟ್ಟರೂ ಹೊಗೆಯಿಲ್ಲವೆಂದರೆ ಇಂಜಿನ್ನಿಗೆ ಡೀಸೆಲ್ಲೇ ಸಾಲುತ್ತಿಲ್ಲ.

ಈಗಲೇ ನಿಲ್ಲಿಸಬೇಕು, ಇಂಜಿನ್ ಇನ್ನೂ ತಿರುಗುತ್ತಿರುವಾಗಲೇ. ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಅದರಿಂದಲೇ ಬರುತ್ತದೆ. ಇಂಜಿನ್ ಸತ್ತರೆ ಒಂದೆರಡು ಒತ್ತಿಗೆ ಪೆಡಲ್ ಕಲ್ಲಾಗುತ್ತದೆ. ಹಿಂದೆ ಪ್ರಪಾತ. ಮಂಚದ ಮೇಲೆ ಅಮ್ಮ. ಬೆಟ್ಟದ ಬದಿಯಲ್ಲಿ ಸ್ವಲ್ಪ ಅಗಲದ ಜಾಗ ಕಾಣುತ್ತದೆ. ಹಿಂಜಾರಿದರೂ ಗಾಡಿ ದರೆಗೇ ಒರಗಲಿ ಎಂದು ಸ್ಟಿಯರಿಂಗ್ ತಿರುಗಿಸಿ, ಹ್ಯಾಂಡ್ ಬ್ರೇಕ್ ಜಗ್ಗುತ್ತೀರಿ. "ಕಲ್ಲು ಕೊಡು!" ತಮ್ಮ ಹಾರುತ್ತಾನೆ. ಹಿಂದಿನ ಟೈರಿನ ಕೆಳಗೆ ಕಲ್ಲು ಸಿಕ್ಕಿಕೊಂಡ ಸದ್ದು ಕೇಳಿದ ಮೇಲೆಯೇ ನಿಮಗೆ ಉಸಿರು ಬರುವುದು.

ಇದು 73ನೇ ರಾಷ್ಟ್ರೀಯ ಹೆದ್ದಾರಿ. 2019ರ ಮಳೆಗೆ ಕುಸಿದು ಮುಚ್ಚಿಹೋಗಿದ್ದ ರಸ್ತೆ. ಈ ದರೆಯ ಕೆಳಗೆ ಬಹಳ ಹೊತ್ತು ನಿಲ್ಲುವಂತಿಲ್ಲ.

ನಾಲ್ಕೂ ಚಕ್ರಗಳ ಬಳಿ ಕೈ ಹಿಡಿಯುತ್ತೀರಿ. ಯಾವುದೂ ಹೆಚ್ಚು ಬಿಸಿಯಿಲ್ಲ, ಬ್ರೇಕ್ ಹಿಡಿದಿಲ್ಲ. ಡೀಸೆಲ್ ಟ್ಯಾಂಕಿನ ಮುಚ್ಚಳಕ್ಕೆ ಕಿವಿಯಿಟ್ಟು ತಿರುಗಿಸುತ್ತೀರಿ. ಗಾಳಿ ಹೋಗುವ ತೂತು ಕಟ್ಟಿದ್ದರೆ 'ಸುಯ್' ಎನ್ನಬೇಕಿತ್ತು, ಏನೂ ಇಲ್ಲ. ಇಂಜಿನ್ ಮುಚ್ಚಳ ಎತ್ತಿದಾಗ ಮುಖಕ್ಕೆ ಬಿಸಿ ಎಣ್ಣೆಯ ವಾಸನೆ ರಾಚುತ್ತದೆ. ನ್ಯೂಟ್ರಲ್‌ನಲ್ಲಿ ಐಡಲ್ ಚೆನ್ನಾಗಿದೆ. ರೇಸ್ ಕೊಟ್ಟು ಹಿಡಿದರೆ ಕೆಲ ಕ್ಷಣಕ್ಕೆ ತೊದಲುತ್ತದೆ.

ಚೀಲದಲ್ಲಿ ಹೊಸ ಡೀಸೆಲ್ ಫಿಲ್ಟರ್ ಇದೆ. ಕೈ ಅತ್ತಲೇ ಹೋಗುತ್ತದೆ, ಎಲ್ಲರೂ ಮೊದಲು ಬದಲಾಯಿಸುವುದು ಅದನ್ನೇ. ಆದರೆ ಬಿಚ್ಚಿದರೆ ಲೈನಿಗೆ ಗಾಳಿ ಹೊಗುತ್ತದೆ. ಆಮೇಲೂ ಎಳೆಯದಿದ್ದರೆ ಅದು ಹಳೆಯ ರೋಗವೋ, ನೀವೇ ತಂದಿಟ್ಟದ್ದೋ, ಗೊತ್ತಾಗುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ದೀಪ ಬೆಳಗಿ ಹೇಳಲು ಈ ಗಾಡಿಯಲ್ಲಿ ಕಂಪ್ಯೂಟರೂ ಇಲ್ಲ. ಒಳಗಿನದನ್ನು ಕಣ್ಣಾರೆ ನೋಡಬೇಕು. ಹೇಗೆ?

ಸಿಂಕಿನ ಕೆಳಗಿದೆ ಉತ್ತರ. ನೀರಿನ ಪಾರದರ್ಶಕ ಪೈಪನ್ನು ಗೇಣುದ್ದ ಕತ್ತರಿಸಿ, ಫಿಲ್ಟರ್ ದಾಟಿ ಪಂಪಿಗೆ ಹೋಗುವ ದಾರಿಯಲ್ಲಿ ಸೇರಿಸಿ ಕ್ಲ್ಯಾಂಪ್ ಬಿಗಿಯುತ್ತೀರಿ. ಜೋಡಿಸುವಾಗ ಹೊಕ್ಕ ಗಾಳಿಯನ್ನು ಹ್ಯಾಂಡ್ ಪಂಪ್ ಹೊಡೆದು ತೆಗೆಯುತ್ತೀರಿ. ಸ್ಟಾರ್ಟ್. ಪೈಪಿನಲ್ಲಿ ಡೀಸೆಲ್ ತಿಳಿಯಾಗಿ ಓಡುತ್ತದೆ. ತಮ್ಮ ರೇಸ್ ಕೊಡುತ್ತಾನೆ. ಒಂದು ಗುಳ್ಳೆ. ಮತ್ತೊಂದು. ಆಮೇಲೆ ಸಾಲುಸಾಲು.

ಗಾಳಿ! ಡೀಸೆಲ್ ಅಷ್ಟಾಗಿ ಕುಗ್ಗದ ದ್ರವ. ಅದಕ್ಕೇ ಪಂಪು ತಳ್ಳಿದರೆ ಒತ್ತಡ 100 ಬಾರ್ ದಾಟಿ ನಾಜಲ್ ತೆರೆದುಕೊಳ್ಳುತ್ತದೆ. ನಡುವೆ ಗಾಳಿಯಿದ್ದರೆ ಪಂಪಿನ ಶಕ್ತಿಯೆಲ್ಲ ಅದನ್ನು ಅಮುಕುವುದಕ್ಕೇ ಖರ್ಚು.

ಮೀನಿನ ವಾಸನೆ ಮೊದಲು ಬರುತ್ತದೆ, ಪಿಕಪ್ ಆಮೇಲೆ. ಘಟ್ಟದ ಮೇಲಿನ ಊರುಗಳಿಗೆ ಐಸ್ ಪೆಟ್ಟಿಗೆ ಹೊತ್ತ ಗಾಡಿ. ಚಾಲಕ ಇಳಿದು ಬಗ್ಗುತ್ತಾನೆ. "ಎಂತ ಆಯ್ತು ಮಾರಾಯ್ರೆ? ಏರ್ ತಗೊಳ್ತಾ ಉಂಟಾ?"

"ಹೌದು. ಆದ್ರೆ ಎಲ್ಲೂ ಡೀಸೆಲ್ ಸೋರ್ತಿಲ್ಲ."

"ಸೋರುದಿಲ್ಲ. ಟ್ಯಾಂಕಿಂದ ಎಳೆಯುವ ಪೈಪಲ್ವಾ? ಹೊರಗಿಂದ ಗಾಳಿ ಒಳಗೆ ಹೋಗ್ತದೆ."

ನೀವು ಒದ್ದೆ ರಸ್ತೆಯ ಮೇಲೆ ಬೆನ್ನು ಕೊಟ್ಟು ಗಾಡಿಯಡಿಗೆ ಜಾರುತ್ತೀರಿ. ಮಳೆನೀರು ಕಾಲರಿನಿಂದ ಬೆನ್ನಿಗೆ ಇಳಿಯುತ್ತದೆ. ತಲೆಯ ಮೇಲೆ ಇಡೀ ವ್ಯಾನಿನ ಭಾರ, ನಂಬಿಕೆಗೆ ಎರಡು ಕಲ್ಲು. ಕಬ್ಬಿಣದ ಪೈಪಿಗೆ ರಬ್ಬರ್ ಪೈಪು ಸೇರುವ ಜಾಗ ಬೆರಳಿಗೆ ಗಡುಸಾಗಿ ಸಿಗುತ್ತದೆ, ಅಂಚಿನಲ್ಲಿ ಸೀಳು. ಎರಡೂ ಕೈಯಲ್ಲಿ ಅದುಮಿ ಹಿಡಿಯುತ್ತೀರಿ.

"ಗುಳ್ಳೆ ನಿಂತಿತು ಅಣ್ಣಾ!"

ಬಿಡುತ್ತೀರಿ. "ಬಂತು!"

ಇಂಜಿನ್ ಆರಿಸಿ, ಸೀಳಿದ ತುದಿಯನ್ನು ಚಾಕುವಿನಿಂದ ಕತ್ತರಿಸಿ ತೆಗೆದು, ಉಳಿದ ಪೈಪನ್ನು ಮುಂದಕ್ಕೆಳೆದು ತೂರಿಸಿ ಕ್ಲ್ಯಾಂಪ್ ಬಿಗಿಯುತ್ತೀರಿ. ಮುಂಗೈ ತನಕ ಡೀಸೆಲ್ ಹರಿದು ಗಾಯವೊಂದು ಚುರ್ರೆನ್ನುತ್ತದೆ. ಸಿಂಕಿನ ಪೈಪು ತೆಗೆದು ಅಲ್ಲಿಯೂ ಮೊದಲಿನಂತೆ ಜೋಡಿಸುತ್ತೀರಿ. ಅದು ಡೀಸೆಲ್ಲಿಗೆ ಬಹಳ ದಿನ ತಡೆಯುವ ಸರಕಲ್ಲ. ಮತ್ತೆ ಹ್ಯಾಂಡ್ ಪಂಪ್. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿದಾಗ ಮೊದಲು ನೊರೆ, ಆಮೇಲೆ ತಿಳಿ ಡೀಸೆಲ್. ಬಿಗಿ.

ಎರಡನೇ ಗೇರು. ತಮ್ಮ ಕಲ್ಲು ತೆಗೆದು ಓಡಿಬಂದು ಹತ್ತುತ್ತಾನೆ. ತಿರುವು. ಪಾದ ಒತ್ತುತ್ತೀರಿ, ಸದ್ದು ಏರುತ್ತದೆ, ಏರುತ್ತಲೇ ಇದೆ, ಬೆನ್ನು ಸೀಟಿಗೆ ಒತ್ತಿಕೊಳ್ಳುತ್ತದೆ. ಪಿಕಪ್ ಹಾರ್ನ್ ಹೊಡೆದು ಮುಂದೆ ಹೋಗುತ್ತದೆ, ಕಿಟಕಿಯಿಂದ ಕೈ ಬೀಸುತ್ತ ಆತ ಕೂಗುತ್ತಾನೆ: "ಮೂಡಿಗೆರೆಯಲ್ಲಿ ಇಡೀ ಪೈಪೇ ಚೇಂಜ್ ಮಾಡಿ, ತುಂಡು ಹಾಕ್ಬೇಡಿ!"

ಹಿಂದಿನಿಂದ ಅಮ್ಮ ಕೇಳುತ್ತಾರೆ: "ಮೀನು ತಗೊಂಡ್ರೇನೋ?"