ನಿಲುವು



‘ನಿಲುವು’ ಎಂಬ ನಮ್ಮ ನುಡಿಗೆ ಎರಡು ಅರ್ಥಗಳಿವೆ. ಒಂದು, ನಿಂತುಕೊಳ್ಳುವ ರೀತಿ. ಇನ್ನೊಂದು, ತಳೆದ ಅಭಿಪ್ರಾಯ. ಇವೆರಡರ ನಂಟು ನನಗೆ ತಿಳಿದದ್ದು ಶೂಟಿಂಗ್ ರೇಂಜಿನಲ್ಲಿ.

ಜತ್ತ ತಾಲೂಕಿನ ನಮ್ಮ ಕನ್ನಡ ಶಾಲೆಯ ಹುಡುಗಿಯೊಬ್ಬಳು ಏರ್ ಪಿಸ್ತೂಲ್ ಕಲಿಯತೊಡಗಿದ್ದಳು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ 25 ಮೀಟರ್ ಪಿಸ್ತೂಲಿನ ಚಿನ್ನ ಗೆದ್ದ ರಾಹಿ ಸರ್ನೋಬತ್ ನಮ್ಮ ನೆರೆಯ ಕೊಲ್ಹಾಪುರದವರು. ಅವರಂತಾಗುವುದು ಇವಳ ಆಸೆ. ಆದರೆ ಇವಳು ಎಡಚಿ. ಬಲಗೈ ರೂಢಿಸಿಕೊಳ್ಳದಿದ್ದರೆ ಆಟವೇ ಬೇಡ ಎಂದರು ಮನೆಯವರು. ಅವಳೊಡನೆ ನಾನೂ ತರಬೇತುದಾರರ ಬಳಿಗೆ ಹೋದೆ.

ಗುರಿಫಲಕ 10 ಮೀಟರ್ ದೂರದಲ್ಲಿತ್ತು. ಅದರ ನಡುವೆ ಹತ್ತು ಅಂಕದ ವೃತ್ತ, ಅಗಲ 11.5 ಮಿಲಿಮೀಟರ್ ಮಾತ್ರ. ಪಿಸ್ತೂಲನ್ನು ಒಂದೇ ಕೈಯಲ್ಲಿ ಹಿಡಿಯಬೇಕು. ಅರ್ಹತಾ ಸುತ್ತಿನಲ್ಲಿ 60 ಸಲ ಹೊಡೆಯಬೇಕು. ತರಬೇತುದಾರರು ಅವಳ ಪಾದಗಳ ನಡುವೆ ಭುಜದಗಲದ ಅಂತರ ಬಿಡಿಸಿದರು. ಎರಡೂ ಕಾಲಿನ ಮೇಲೆ ಸಮಭಾರ, ಬಿಡುವಿನ ಕೈ ಅಲುಗದಂತೆ ಜೇಬಿನಲ್ಲಿ.

“ತಂಗೀ, ಕಣ್ಣು ಮುಚ್ಚಿ ಎಡಗೈ ಎತ್ತು. ಈಗ ಕಣ್ಣು ತೆರೆ.”

ತೋಳು ಗುರಿಯಿಂದ ಬಲಕ್ಕೆ ಸರಿದಿತ್ತು. ಅವಳು ಮಣಿಕಟ್ಟು ತಿರುಗಿಸಹೋದಳು.

“ಕೈ ತಿರುಗಿಸಬೇಡ, ಪಾದ ಸರಿಸು. ಎಳೆದು ತಂದ ಕೈ ದಣಿದೊಡನೆ ಹಿಂದಕ್ಕೆ ಹೋಗುತ್ತದೆ.”

ಪೂರ್ತಿ ಪಕ್ಕಕ್ಕೆ ತಿರುಗಿ ನಿಂತರೆ ಕೆಲವರಿಗೆ ಕತ್ತು ಬಿಗಿಯುತ್ತದೆ. ಅಂಥವರು ತುಸು ಗುರಿಯ ಕಡೆಗೆ ಹೊರಳಿ ನಿಲ್ಲುತ್ತಾರೆ. ಎಲ್ಲರಿಗೂ ಒಪ್ಪುವ ಒಂದೇ ನಿಲುವು ಇಲ್ಲ. ಅವರವರ ಮೈಯೇ ಅದನ್ನು ಹೇಳಬೇಕು ಎಂದು ಅವರು ವಿವರಿಸಿದರು.

ಊರಿಗೆ ಮರಳುವಾಗ ಬಸ್ಸಿನಲ್ಲಿ ಅವಳಿಗೆ ಹಂಗೇರಿಯ ಕಾರೊಯ್ ಟಕಾಚ್ ಅವರ ಕಥೆ ಹೇಳಿದೆ. 1938ರಲ್ಲಿ ಕೈಬಾಂಬು ಸಿಡಿದು ಅವರ ಬಲಗೈ ಊನವಾಯಿತು. ಅವರು ಎಡಗೈಯಲ್ಲಿ ಮೊದಲಿನಿಂದ ಕಲಿತರು. 1948ರ ಲಂಡನ್, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗಳ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಚಿನ್ನ ಗೆದ್ದರು.

ಆ ಸಂಜೆ ಅವಳು ಮನೆಯಲ್ಲಿ, “ಅಪ್ಪಾ, ನಾ ಎಡಗೈಲೇ ಹೊಡೀತೀನಿ” ಅಂದಳು. ದನಿ ಏರಲಿಲ್ಲ, ನಡುಗಲೂ ಇಲ್ಲ. ತಂದೆ ಬಹಳ ಹೊತ್ತು ಸುಮ್ಮನಿದ್ದು, “ಹೊಡಿ ಹಂಗಾದ್ರ” ಎಂದರು. ಜಿಲ್ಲಾ ಸ್ಪರ್ಧೆಯಲ್ಲಿ ಅವಳಿಗೆ ಪದಕ ಬರಲಿಲ್ಲ. ಮರುದಿನವೇ ಅಭ್ಯಾಸಕ್ಕೆ ಹೋದಳು.

ಮಿತ್ರರೇ, ನಿಮ್ಮ ಗುರಿ ಯಾವುದೇ ಇರಲಿ, ಅದು ತಪ್ಪಿದಾಗ ಕೈಯನ್ನು ಹಳಿಯಬೇಡಿ. ಪಾದಗಳು ಎಲ್ಲಿ ಊರಿವೆ ಎಂದು ಒಮ್ಮೆ ನೋಡಿಕೊಳ್ಳಿ.