ಶೆಟ್ಟಿಹಳ್ಳಿಗೆ ಹೋಗಿಬಂದ ಮೇಲೆ

ಈ ಸಲ ಮೇ ರಜೆಯಲ್ಲಿ ಪುಣೆಯಿಂದ ಊರಿಗೆ ಹೊರಟಾಗ ಮಗಳ ಬ್ಯಾಗಿನಲ್ಲಿ ಒಂದು ಫಾರಂ ಇತ್ತು. ಚರ್ಚಿನ ಕ್ಯಾಟಿಕಿಸಂ ಕ್ಲಾಸಿನಲ್ಲಿ ಕೊಟ್ಟದ್ದು. ಜೊತೆಗೊಂದು ಹೋಂವರ್ಕ್: ತನಗೆ ಕನ್ಫರ್ಮೇಶನ್ ಯಾಕೆ ಬೇಕು ಎಂದು ಬಿಷಪ್ಪರಿಗೆ ಪತ್ರ ಬರೆಯಬೇಕು. ರೈಲು ಅರಸೀಕೆರೆ ಮುಟ್ಟಿದರೂ ಅವಳ ಪತ್ರ ಒಂದು ಸಾಲೂ ಮುಂದೆ ಹೋಗಿರಲಿಲ್ಲ.

ಕನ್ನಡ ಸಂಘದ ಗೆಳೆಯರು 'ಇದು ನಮ್ಮ ಮುಂಜಿ ಇದ್ದ ಹಾಗಾ?' ಎಂದು ಕೇಳುತ್ತಾರೆ. ಪೂರ್ತಿ ಹಾಗಲ್ಲ. ಕೂಸಿಗೆ ದೀಕ್ಷಾಸ್ನಾನ ಕೊಡಿಸುವಾಗ ಅದರ ಪರವಾಗಿ ಹೆತ್ತವರು, ಜ್ಞಾನ ತಂದೆತಾಯಿ ಮಾತು ಕೊಡುತ್ತಾರೆ. ದೃಢೀಕರಣದಲ್ಲಿ ಆ ಮಾತನ್ನು ಮಗು ತನ್ನ ಬಾಯಿಂದಲೇ ಹೇಳಬೇಕು. ಬಿಷಪ್ಪರು ಹಣೆಗೆ ಪರಿಮಳ ತೈಲದಿಂದ ಶಿಲುಬೆಯ ಗುರುತು ಹಾಕುತ್ತಾರೆ. ಆಲಿವ್ ಎಣ್ಣೆಗೆ ಸುಗಂಧ ಸೇರಿಸಿದ ಈ ತೈಲವನ್ನು ವರ್ಷಕ್ಕೊಮ್ಮೆ, ಈಸ್ಟರ್‌ ಹತ್ತಿರ ಬಂದಾಗ, ಬಿಷಪ್ಪರೇ ಪವಿತ್ರೀಕರಿಸುತ್ತಾರೆ. ಮಗುವಿನ ಹಿಂದೆ ಭುಜದ ಮೇಲೆ ಕೈಯಿಟ್ಟು ಒಬ್ಬರು ನಿಂತಿರುತ್ತಾರೆ. ಅವರೇ ಸ್ಪಾನ್ಸರ್. ಅವರಿಗೆ 16 ತುಂಬಿರಬೇಕು, ದೃಢೀಕರಣ ಆಗಿರಬೇಕು. ಅಪ್ಪ ಅಮ್ಮ ಆಗುವ ಹಾಗಿಲ್ಲ.

ಮಗಳು ಪಾಠದಲ್ಲಿ ಹಿಂದೆ ಬಿದ್ದಿರಲಿಲ್ಲ. ಪವಿತ್ರಾತ್ಮರ ಏಳು ವರಗಳನ್ನು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳುತ್ತಿದ್ದಳು. ತೊಂದರೆ ಬೇರೆ ಇತ್ತು. "ಪಪ್ಪ, ನಂಗೆ ಪೂರ್ತಿ ನಂಬಿಕೆ ಇದೆಯೋ ಇಲ್ವೋ ನಂಗೇ ಗೊತ್ತಿಲ್ಲ. ಬೇಕು ಅಂತ ಹೇಗೆ ಬರೀಲಿ?" ಎಂದಿದ್ದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಅವಳ ವಯಸ್ಸಿನಲ್ಲಿ ಕ್ಲಾಸಿನವರೆಲ್ಲ ನಿಂತರೆಂದು ನಿಂತವನು. ನೆನಪಿರುವುದು ಹೊಸ ಪ್ಯಾಂಟು ಮತ್ತು ಮಧ್ಯಾಹ್ನದ ಊಟ.

ಅವ್ವ ಈಗ ಇರುವುದು ಹಾಸನದಲ್ಲಿ. ತವರು ಶೆಟ್ಟಿಹಳ್ಳಿ. ಹಾಸನದಿಂದ ಸುಮಾರು 20 ಕಿ.ಮೀ. ನೀರಿನಲ್ಲಿ ನಿಂತ ಚರ್ಚಿನ ಫೋಟೋವನ್ನು ನೀವೂ ನೋಡಿರುತ್ತೀರಿ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಜಪಮಾಲೆ ಮಾತೆಯ ಚರ್ಚು ಅದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದಾಗ ಜನ ಊರು ಬಿಟ್ಟರು. ಮಳೆಗಾಲದಲ್ಲಿ ಚರ್ಚು ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಒಳಗೇ ನಡೆದು ಹೋಗಬಹುದು.

ನಾವು ಹೋದಾಗ ನೀರು ದೂರ ಸರಿದು ನೆಲ ಬಿರುಕು ಬಿಟ್ಟಿತ್ತು. ಛಾವಣಿ ಎಂದೋ ಹೋಗಿದೆ, ಗೋಡೆ ಅಲ್ಲಲ್ಲಿ ಕುಸಿದಿದೆ. ಚೂಪು ಕಮಾನುಗಳು ಮಾತ್ರ ಇನ್ನೂ ನಿಂತಿವೆ. ಮದುವೆಗೆ ಮುಂಚಿನ ಫೋಟೋ ತೆಗೆಸುವ ಒಂದು ಜೋಡಿ ಆಚೆ ಬದಿಯಲ್ಲಿತ್ತು. ಅವ್ವ ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಬಂದಳು.

"ಇಲ್ಲೇ ಸಾಲಾಗಿ ಮಂಡಿಯೂರಿದ್ದೋ ಕಣವ್ವ," ಎಂದು ಮೊಮ್ಮಗಳಿಗೆ ಜಾಗ ತೋರಿಸಿದಳು. ಅವ್ವನಿಗೆ ಆಗ ಹತ್ತು ವರ್ಷ. ಬಿಷಪ್ಪರು ಮೈಸೂರಿನಿಂದ ಬಂದಿದ್ದರಂತೆ. ಚಿಕ್ಕಮಗಳೂರು ಧರ್ಮಕ್ಷೇತ್ರ ಬೇರೆಯಾದದ್ದು ಆಮೇಲೆ, 1963ರಲ್ಲಿ. "ಪ್ರಶ್ನೆ ಕೇಳ್ತಾರೆ ಅಂತ ಉತ್ತರ ಎಲ್ಲಾ ಬಾಯಿಪಾಠ. ಪೂಜೆ ಲ್ಯಾಟಿನ್ನಲ್ಲಿ, ಒಂದಕ್ಷರ ತಿಳೀತಿರಲಿಲ್ಲ. ಎಣ್ಣೆ ಹಚ್ಚಿ ಕೆನ್ನೆಗೆ ಮೆಲ್ಲಗೆ ಒಂದೇಟು ಕೊಟ್ರು."

"ಹೊಡೆದ್ರಾ?" ಮಗಳಿಗೆ ಆಶ್ಚರ್ಯ. ನಂಬಿಕೆಗಾಗಿ ಕಷ್ಟ ಸಹಿಸಬೇಕು ಎನ್ನುವುದರ ಗುರುತು ಅದು, 1971ರಲ್ಲಿ ವಿಧಿಯನ್ನು ಪರಿಷ್ಕರಿಸಿದಾಗ ಕೈಬಿಟ್ಟರು ಎಂದು ನಾನು ವಿವರಿಸಿದೆ. ಅವಳು ನನ್ನ ಮಾತು ಕೇಳಿಸಿಕೊಳ್ಳುತ್ತಿರಲಿಲ್ಲ.

"ಅಜ್ಜಿ, ನಿಂಗೆ ಅವತ್ತು ನಂಬಿಕೆ ಇತ್ತಾ?"

ಅವ್ವ ನಕ್ಕಳು. "ಅವತ್ತು ಇದ್ದದ್ದು ಭಯ. ನಂಬಿಕೆ ಆಮೇಲೆ ಬಂತು. ಊರು ಮುಳುಗಿದ ವರ್ಷ ಹೋಯ್ತು. ಮತ್ತೆ ಬಂತು. ನಿಮ್ಮ ತಾತ ಸತ್ತಾಗ ಮತ್ತೆ ಹೋಯ್ತು. ಜಪಸರ ಮಾತ್ರ ಬಿಡಲಿಲ್ಲ ನೋಡು."

ನಾನು ಗೋಡೆ ನೋಡುತ್ತಾ ನಿಂತೆ. ದಿನಾ ಸಂಜೆ ಜಪಸರ ಹಿಡಿದು ಕೂರುವ ಅವ್ವನಿಗೆ ನಂಬಿಕೆ ಹೋಗಿಬರುತ್ತದೆ ಎಂದು ಇಷ್ಟು ವರ್ಷದಲ್ಲಿ ನಾನು ಕೇಳಿಯೂ ಇರಲಿಲ್ಲ, ಅವಳು ಹೇಳಿಯೂ ಇರಲಿಲ್ಲ.

ಅವತ್ತು ರಾತ್ರಿ ಮಗಳು ಫಾರಂ ಬಿಚ್ಚಿದಳು. ಸ್ಪಾನ್ಸರ್ ಕಾಲಮ್ಮಿನಲ್ಲಿ ಅಪಾರ್ಟ್‌ಮೆಂಟಿನ ಗೆಳತಿಯ ಅಕ್ಕನ ಹೆಸರು ಪೆನ್ಸಿಲ್ಲಿನಲ್ಲಿತ್ತು. ಅದನ್ನು ಅಳಿಸಿದಳು.

"ಅಜ್ಜಿ, ಪುಣೆಗೆ ಬರ್ತೀಯಾ? ನನ್ನ ಹಿಂದೆ ನಿಂತ್ಕೋಬೇಕು."

"ಇಂಗ್ಲಿಷ್ ಪೂಜೆ ನಂಗೇನು ತಿಳೀತದೆ ಮಗ?"

"ಲ್ಯಾಟಿನ್ನೂ ತಿಳೀತಿರಲಿಲ್ಲ ಅಂದ್ಯಲ್ಲ!"

ಅವ್ವ ಕನ್ನಡಕ ತರಲು ಎದ್ದಳು. ಇಂಗ್ಲಿಷ್ ಫಾರಮ್ಮಿನ ಕೊನೆಯಲ್ಲಿ ಗುಂಡಗಿನ ಕನ್ನಡದಲ್ಲಿ ಸಹಿ ಹಾಕಿದಳು. ಮರುದಿನ ಅಲ್ಲಿನ ಗುರುಗಳಿಂದ ಒಂದು ಪತ್ರವನ್ನೂ ಪಡೆದೆವು.

ವಾಪಸು ಬರುವಾಗ ರೈಲಿನಲ್ಲಿ ಮಗಳು ಅಪ್ಪರ್ ಬರ್ತಿನಲ್ಲಿ ಮಲಗಿಕೊಂಡು ಅರ್ಧ ಪುಟ ಬರೆದಳು. ಏನು ಬರೆದಳೆಂದು ನಾನು ಕೇಳಲಿಲ್ಲ. ಬಿಷಪ್ಪರು ಬರುವುದು ಡಿಸೆಂಬರಿನಲ್ಲಿ. ಅವ್ವನಿಗೆ ಲೋಯರ್ ಬರ್ತ್ ಬುಕ್ ಮಾಡಬೇಕು.